ಟೇಲರಕ್ಕ ಮರಿ ಕೊಡಲಿಲ್ಲ

"ಅಮ್ಮಾ, ಟೇಲರಕ್ಕ ನಮಗೆ ನಾಯಿಮರಿ ಯಾಕೆ ಕೊಡಲ್ಲ ಅಂದ್ರು? ನಾವು ಕೆಟ್ಟವರಾ?"

ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಮಗಳು ಕೇಳಿದಳು. ಅಲ್ಲ ಎಂದೆ. ಅವಳು ಶಾಲೆಗೆ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಟೇಲರಕ್ಕನದು ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಮುಂದಿನದರಲ್ಲಿ ಹೊಲಿಗೆ ಮೆಷಿನ್, ಮೊಳೆಗೆ ತೂಗುಬಿಟ್ಟ ಅರ್ಧ ಹೊಲಿದ ಯೂನಿಫಾರಂಗಳು. ಹಿಂದಿನದು ನಾಯಿಯ ಕೋಣೆ. ಇರುವುದು ಒಂದೇ ಹೆಣ್ಣುನಾಯಿ, ಎರಡು ವರ್ಷಕ್ಕೊಂದು ಸೂಲು.

ಅವರಲ್ಲಿಗೆ ಹೋಗುವ ಮೊದಲು ನನ್ನ ಗಂಡ ನಾಯಿಮರಿ ಮಾರುವವನೊಬ್ಬನ ಹತ್ತಿರ ಕರೆದುಕೊಂಡು ಹೋಗಿದ್ದರು. ಅವನು ಕಾರಿನ ಡಿಕ್ಕಿ ತೆಗೆದು "ಯಾವ ಬಣ್ಣ ಬೇಕು ಮೇಡಂ?" ಎಂದ. ತಾಯಿ ಎಲ್ಲಿ ಎಂದರೆ ಫೋನಿನಲ್ಲಿ ಫೋಟೋ ತೋರಿಸಿದ. ವಾಪಸು ಬಂದೆವು.

ಟೇಲರಕ್ಕನ ಮನೆಯಲ್ಲಿ ಎಲ್ಲ ತಿರುವುಮುರುವು. ಮೊದಲ ದಿನ ನಾನು ಮರಿಗೆ ಕೈ ಚಾಚಿದರೆ ತಡೆದರು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಮೊದಲು ತಾಯಿ ಹತ್ರ ಕೂತ್ಕೊಳ್ಳಿ. ಅವಳು ಒಪ್ಪಲಿ."

ನೆಲದ ಮೇಲೆ ಕೂತೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಗು ಬಾಲ ಎಳೆದರೆ ಏನು ಮಾಡುತ್ತೀರಿ, ಮನೆ ಬದಲಾಯಿಸಿದರೆ ನಾಯಿ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಸಾಕಲಾಗದಿದ್ದರೆ ಬೀದಿಗೆ ಬಿಡದೆ ತಮ್ಮ ಬಾಗಿಲಿಗೇ ತರಬೇಕು ಎಂದು ಮಾತು ತೆಗೆದುಕೊಂಡರು. ಎಂಟು ವಾರ ತುಂಬದೆ ತಾಯಿಯಿಂದ ಬಿಡಿಸುವುದಿಲ್ಲ ಎಂದರು. ಮನೆಗೆ ಬಂದು ಹೇಳಿದಾಗ ನಮ್ಮತ್ತೆ ನಕ್ಕರು: "ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಕಣೆ!"

ನಿನ್ನೆ ಎಂಟು ವಾರ ತುಂಬಿತ್ತು. ಬುಟ್ಟಿ ಹಿಡಿದುಕೊಂಡು ಹೋದೆವು. ಮೆಷಿನ್ ನಿಂತಿತ್ತು.

"ಮರಿ ಕೊಡಲ್ಲಮ್ಮ," ಎಂದರು. ಬಟ್ಟೆ ಇನ್ನೂ ಹೊಲಿದಾಗಿಲ್ಲ ಎನ್ನುವಂಥ ದನಿ.

ಮಗಳು ಮರಿಗಳ ಹತ್ತಿರ ಓಡಿದಳು. ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಈ ಕಡೆಯಿಂದ ಆ ಕಡೆಗೆ ಸರಿಸುತ್ತ ಹೇಳಿದರು. ಹಿಂದಿನ ಸೂಲಿನ ಆರು ಮರಿಗಳಲ್ಲಿ ಒಂದಕ್ಕೆ ಕಣ್ಣು ಹೋಗುತ್ತಿದೆ. ಸಾಕಿದವರು ಕರೆತಂದಿದ್ದರು, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಇದು ಅಪ್ಪ-ಅಮ್ಮನ ರಕ್ತದಿಂದಲೇ ಬರುವ ರೋಗ ಎಂದರಂತೆ ಡಾಕ್ಟರು. ಈ ಸೂಲಿನ ಮರಿಗಳಿಗೂ ಅದೇ ಅಪ್ಪ, ಅದೇ ಅಮ್ಮ.

"ಡಾಕ್ಟರಿಗೆ ಇವಳ ಸೊಂಟ ತೋರಿಸ್ದೆ, ಕಿವಿ ತೋರಿಸ್ದೆ. ಕಣ್ಣು ತೋರಿಸೋದು ಹೊಳೀಲೇ ಇಲ್ಲ. ತಾಯಿಗೆ ಕಣ್ಣು ಚೆನ್ನಾಗೇ ಕಾಣುತ್ತಲ್ಲ."

"ಎಲ್ಲಾ ಮರಿಗೂ ಬರುತ್ತಾ ಅಕ್ಕ?"

"ಇಲ್ಲ. ಯಾವುದಕ್ಕೆ ಅಂತ ಈಗ ನೋಡಿದ್ರೆ ಗೊತ್ತಾಗಲ್ಲ. ಪರೀಕ್ಷೆ ಆಗೋವರೆಗೂ ಯಾವ ಮರೀನೂ ಹೊಸ್ತಿಲು ದಾಟಲ್ಲ. ಇವಳಿಗೂ ಆಪರೇಷನ್ ಮಾಡಿಸ್ತೀನಿ, ಸೂಲು ಸಾಕು."

ಹಿಂದಿನ ಸೂಲಿನ ಉಳಿದ ಐದು ಮರಿಗಳು ಹೋದ ಮನೆಗಳಲ್ಲಿ ನಾಲ್ಕಕ್ಕೆ ಫೋನ್ ಮಾಡಿ ಹೇಳಿಯಾಗಿತ್ತು. ಒಬ್ಬರು ಬೈದರು, ಒಬ್ಬರು ಅತ್ತರು, ಇಬ್ಬರು ಥ್ಯಾಂಕ್ಸ್ ಎಂದರಂತೆ. ಎಲ್ಲವನ್ನೂ ಒಂದೇ ಸಮನೆ ಹೇಳಿದರು.

"ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದುಬಿಟ್ಟೆ.

"ನಾಯಿ ಮೆಟ್ಟಿಲಿಂದ ಉರುಳಿದ ದಿನ ಗೊತ್ತಾಗ್ತಿತ್ತು."

ಮಗಳು ಮರಿಯನ್ನು ಎದೆಗೆ ಅವಚಿಕೊಂಡು ಬಂದಳು. ಅಕ್ಕ ಅದನ್ನು ಬಿಡಿಸಿ ತಾಯಿಯ ಪಕ್ಕಕ್ಕೆ ಬಿಟ್ಟರು. ಖಾಲಿ ಬುಟ್ಟಿ ಎತ್ತಿಕೊಂಡೆ.

ಬಾಗಿಲವರೆಗೆ ಬಂದು ನನ್ನ ತೋಳು ಹಿಡಿದರು.

"ಐದನೇದು ನನ್ನ ತಂಗಿ ಮನೆ. ಆರು ವರ್ಷ ಮಾತು ಬಿಟ್ಟಿದ್ವಿ. ಅವಳ ಮಗೂಗೆ ಮರಿ ಕೊಟ್ಟ ಮೇಲೆ ಮತ್ತೆ ಅಕ್ಕಾ ಅಂತಾಳೆ. ಎರಡು ಸಲ ಫೋನ್ ಮಾಡ್ದೆ. ಎರಡು ಸಲನೂ ಎಲ್ಲಾ ಚೆನ್ನಾಗಿದೀರಾ ಅಂತ ಕೇಳಿ ಇಟ್ಬಿಟ್ಟೆ." ತೋಳು ಬಿಟ್ಟರು. "ನಾಳೆ ಮಧ್ಯಾಹ್ನ ಅವಳು ಮನೇಲಿರ್ತಾಳೆ. ನೀವು ಇಲ್ಲಿಗೆ ಬಂದು ನನ್ನ ಬದಲು ಅವಳಿಗೆ ಫೋನಲ್ಲಿ ಹೇಳ್ತೀರಾ? ನಾನು ಪಕ್ಕದಲ್ಲೇ ಕೂತಿರ್ತೀನಿ."