ತುಂಬಿದ ಬಾಟಲಿ

ಅವಳನ್ನು ಎಲ್ಲರೂ ಕರೆಯುವುದು ನೊಣದಕ್ಕ ಎಂದೇ. ಹಣ್ಣುನೊಣ ಯಾವ ವಾಸನೆಗೆ ಮರುಳಾಗಿ ಬಾಟಲಿಗೆ ಬೀಳುತ್ತದೆಂದು ಪರೀಕ್ಷಿಸುವುದು ಅವಳ ಕೆಲಸ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ. ಅವಳ ಘಮಕ್ಕೇ ನೊಣ ಬಂದುಬಿಟ್ಟರೆ ಪರೀಕ್ಷೆ ಕೆಟ್ಟಂತೆ. ಗಂಡನಿಗಿಂತ ನೊಣದ ಮೇಲೇ ಇವಳಿಗೆ ಪ್ರೀತಿ ಜಾಸ್ತಿ ಎಂದು ಅತ್ತಿಗೆ ರೇಗಿಸುವುದುಂಟು.

ಈ ಸಲ ಪರೀಕ್ಷೆ ಅವಳ ಅಣ್ಣನ ಸೀಬೆ ತೋಟದಲ್ಲೇ. ಅಲ್ಲಿ ಹುಟ್ಟಿದ ನೊಣ ಸುತ್ತಲ ತೋಟಗಳನ್ನೂ ಹಾಳುಮಾಡತೊಡಗಿತ್ತು. ಪ್ರತಿ ಸಾಲಿಗೂ ಎರಡು ಬಾಟಲಿ: ಒಂದರಲ್ಲಿ ಗಂಡುನೊಣವನ್ನು ಸೆಳೆಯುವ ವಾಸನೆಯ ಬಿಲ್ಲೆ, ಇನ್ನೊಂದರಲ್ಲಿ ಹೆಣ್ಣಿಗೆಂದು ಹುಳಿ ಬರಿಸಿದ ಯೀಸ್ಟ್ ನೀರು. ಮೊಟ್ಟೆಯಿಡುವ ಹೆಣ್ಣು ಆ ನೀರಿಗೆ ಚೆನ್ನಾಗಿ ಬಿದ್ದರೆ ಮರಗಳು ಉಳಿಯುತ್ತವೆ, ಇಲ್ಲವಾದರೆ ಇಡೀ ತೋಟ ಕಡಿಸುವುದೇ ಸರಿ ಎಂದು ಅಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು.

ಫಲಿತಾಂಶ ನೋಡಲು ಅಧಿಕಾರಿ ಬರುವ ಮೊದಲೇ ಅವಳು ಬಂದು ನೋಡಿದಳು. ಬಿಲ್ಲೆಯ ಬಾಟಲಿಗಳು ಗಿಡಿದು ತುಂಬಿವೆ. ಯೀಸ್ಟ್ ಬಾಟಲಿಗಳಲ್ಲಿ ಬರೀ ನೀರು. ತುಂಬಿದ್ದರಲ್ಲೊಂದನ್ನು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿದಳು. ಅರ್ಧಕ್ಕರ್ಧ ನೊಣಗಳ ಬಾಲದ ತುದಿಯಲ್ಲಿ ಮೊಟ್ಟೆಯಿಡುವ ಸೂಜಿ, ಅಂದರೆ ಹೆಣ್ಣು. ಮೈಯೆಲ್ಲ ಒದ್ದೆ ಬೇರೆ. ಒಣ ಬಿಲ್ಲೆಯ ಬಾಟಲಿಯಲ್ಲಿ ಇವಕ್ಕೇನು ಕೆಲಸ?

"ಅಣ್ಣ, ಬಾಟಲಿ ಮುಟ್ಟಿದ್ಯಾ?"

"ಹೂಂ. ಅದರಲ್ಲರ್ಧ, ಇದರಲ್ಲರ್ಧ ಇತ್ತು. ನೋಡೋಕೆ ಚೆನ್ನಾಗಿರಲಿಲ್ಲ. ಸೋಸಿ ಎಲ್ಲಾ ಒಂದಕ್ಕೇ ಹಾಕಿದೆ."

ಮಾರುಕಟ್ಟೆಯಲ್ಲಿ ಅರೆ ಬುಟ್ಟಿಗಳನ್ನು ಸೇರಿಸಿ, ತುಂಬಿದ ಬುಟ್ಟಿಯೊಂದನ್ನು ಮುಂದಿಡುವುದು ಅವನ ಹುಟ್ಟುಗುಣ. ಈ ಮಹಾರಾಯನಿಗೆ ಏನು ಹೇಳೋಣ?

"ಎಲ್ಲಾ ಸಾಲಲ್ಲೂ?"

"ಎಲ್ಲಾದ್ರಲ್ಲೂ."

ಗೇಟಿನ ಬಳಿ ಜೀಪು ನಿಂತ ಸದ್ದಾಯಿತು. ಅವಳ ಮುಖ ನೋಡಿಯೇ ಅಣ್ಣನಿಗೆ ಎಡವಟ್ಟು ಅರ್ಥವಾಯಿತು.

"ಹೆಣ್ಣನ್ನ ಆರಿಸಿ ಆ ನೀರಿಗೆ ವಾಪಸ್ ಹಾಕೇ. ಬಿದ್ದಿದ್ದು ಇವೇ ನೊಣ ತಾನೇ? ಸುಳ್ಳೇನಲ್ವಲ್ಲ."

ಇಕ್ಕಳ ಕೈಯಲ್ಲೇ ಇತ್ತು. ಹಾಕಿಬಿಡೋಣ ಎಂದು ಅವಳಿಗೆ ತುಂಬಾ ಆಸೆಯಾಯಿತು. ಆದರೆ ಯಾವುದು ಯಾವ ಬಾಟಲಿಗೆ ಬಿದ್ದಿತ್ತೆಂದು ಕಂಡವರಿಲ್ಲ; ಹಾಗೆ ಹಾಕಿದ್ದು ಅವಳ ಊಹೆಯಾಗುತ್ತದೆ, ಪರೀಕ್ಷೆಯಲ್ಲ. ಊಹೆ ತಪ್ಪಿದರೆ ಅಕ್ಕಪಕ್ಕದವರ ತೋಟಗಳೂ ಹೋಗುತ್ತವೆ.

"ಏನಮ್ಮ, ಹೆಣ್ಣು ಬಿತ್ತಾ?" ಎನ್ನುತ್ತಲೇ ಅಧಿಕಾರಿ ಬಂದರು.

ಅವಳು ಇಕ್ಕಳ ಕೆಳಗಿಟ್ಟಳು. "ಬಾಟಲಿಗಳು ಬೆರಕೆ ಆಗಿವೆ ಸರ್. ಇವನ್ನ ಲೆಕ್ಕಕ್ಕೆ ತಗೋಬೇಡಿ."

"ಕಾಯಿ ಬಲಿತಾ ಇದೆ. ಇನ್ನೊಂದ್ಸಲ ಮಾಡೋಕೆ ಟೈಮಿಲ್ಲ, ಗೊತ್ತಲ್ಲ?"

"ಗೊತ್ತು ಸರ್."

ಅಧಿಕಾರಿ ನಿಟ್ಟುಸಿರು ಬಿಟ್ಟು ಕೆಂಪು ಬಣ್ಣದ ಡಬ್ಬಿ ತರಿಸಿದರು. ಕಡಿಯುವ ಗುರುತು ಮೊದಲ ಮರಕ್ಕೆ ಬಿತ್ತು, ಎರಡನೆಯದಕ್ಕೂ ಬಿತ್ತು. ಅಣ್ಣ ಮರದ ಬುಡದಲ್ಲೇ ಕೂತ.

"ಎರಡರಲ್ಲಿ ಯಾವುದು ಗೆಲ್ತಿತ್ತೇ?" ಎಂದು ಕೇಳಿದ.

ಹೇಳಬಾರದೆಂದುಕೊಂಡಿದ್ದಳು, ತಡೆಯಲಾಗಲಿಲ್ಲ. "ನೀನು ಖಾಲಿ ಮಾಡಿದ್ದೇ ಗೆಲ್ತಿತ್ತು ಅಣ್ಣ," ಎಂದು ಅತ್ತುಬಿಟ್ಟಳು.