ಅಕಾರಾದಿಯಲ್ಲಿ ನೆಟ್ಟ ತೋಟ

ಆ ಶನಿವಾರ ಮಧ್ಯಾಹ್ನ ನಾನು ಮರೆತುಬಂದ ಬುತ್ತಿಯನ್ನು ಹಿಡಿದುಕೊಂಡು ನನ್ನ ಹೆಂಡತಿ ಮುಂಡರಗಿಯ ನಮ್ಮ ಕಾಲೇಜಿಗೆ ಬಂದಳು. ನಾನು ಅಲ್ಲಿ ಗುಮಾಸ್ತ. ಕಾಲೇಜಿನ ಹೊಸ ಔಷಧಿ ತೋಟದಲ್ಲಿ ಹದಿನೆಂಟು ಹೆಸರಿನ ಫಲಕಗಳನ್ನು ಆಗಷ್ಟೇ ಊರಿ, ಕೈಕಟ್ಟಿಕೊಂಡು ನಿಂತು, ನನ್ನ ಅಕ್ಷರವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಕಾಲೇಜಿನ ಗುಣಮಟ್ಟ ನೋಡಲು ಹೊರಗಿನ ತಂಡವೊಂದು ಬರುವುದಿತ್ತು. ಪರಿಸರಕ್ಕೆ ಏನು ಮಾಡಿದ್ದೀರಿ, ಸುತ್ತಲಿನ ಹಳ್ಳಿಗಳ ಜೊತೆ ಏನು ಮಾಡಿದ್ದೀರಿ ಎಂದು ಅವರು ಕೇಳುತ್ತಾರೆ. ಎರಡಕ್ಕೂ ಒಂದೇ ಉತ್ತರ ಇರಲಿ ಎಂದು ಪ್ರಾಂಶುಪಾಲರು ಈ ತೋಟದ ಯೋಜನೆ ಹಾಕಿದರು.

"ನೀವು ಡೋಣಿ ಊರಿನ ಅಳಿಯಾ ಅಲ್ಲೇನ್ರಿ? ಗುಡ್ಡದ ಮಗ್ಗಲದಿಂದ ಹೆಣ್ಣು ತಂದೀರಿ, ನಾಕ ಗಿಡಾ ತರಾಕ ಆಗೂದಿಲ್ಲೇನು?" ಅಂದರು.

ನಾನು ಆ ಕೆಲಸವನ್ನು ಹೆಂಡತಿಗೆ ದಾಟಿಸಿದೆ. ನಮ್ಮ ಮನೆಯಲ್ಲಿ ಕೆಲಸಗಳು ಯಾವಾಗಲೂ ಆ ದಿಕ್ಕಿಗೇ ದಾಟುತ್ತಿದ್ದವು.

ಅವಳು ತವರಿಗೆ ಹೋಗಿ, ಹೊಲದ ಬದುಗಳಲ್ಲಿ ತಿರುಗಿ, ಹದಿನೆಂಟು ಸಸಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ತಂದಳು. ಒಂದೊಂದನ್ನೂ ಎತ್ತಿ ತೋರಿಸಿ ಹೆಸರು ಹೇಳಿದಳು. ನಾನು ತಲೆ ಎತ್ತದೆ ಹೆಸರುಗಳನ್ನಷ್ಟೇ ಬರೆದುಕೊಂಡೆ. ಮಾಲಿ ಸಸಿಗಳನ್ನು ಎತ್ತರ ನೋಡಿ ನೆಟ್ಟ: ಗಿಡ್ಡವು ಮುಂದೆ, ಉದ್ದವು ಹಿಂದೆ, ಗುಂಪು ಫೋಟೋದಲ್ಲಿ ನಿಲ್ಲಿಸಿದ ಹಾಗೆ. ನಾನೋ ಜೀವನವಿಡೀ ಹಾಜರಿ ಪಟ್ಟಿ ಬರೆದವನು. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಮುಂದಿನ ಸಾಲಿನಿಂದ ಅದೇ ಕ್ರಮದಲ್ಲಿ ಫಲಕ ಊರುತ್ತ ಹೋದೆ. ಹೆಸರು ಕೂಗಿದರೆ ಗಿಡಗಳು ತಾವೇ ಎದ್ದು ತಮ್ಮ ಜಾಗಕ್ಕೆ ಹೋಗುತ್ತವೆ ಎಂದುಕೊಂಡಿದ್ದೆನೇನೋ.

ಅವಳು ಮೊದಲನೆಯ ಫಲಕ ಓದಿದವಳೇ ನಗತೊಡಗಿದಳು.

"ಗೇಣುದ್ದ ನೆಲನೆಲ್ಲಿ ಮುಂದ ಅಮೃತಬಳ್ಳಿ ಅಂತ ಹುಗದೀರಲ್ರಿ! ಬಳ್ಳಿ ಎಲ್ಲೈತಿ ತೋರಸ್ರಿ?"

"ಬರಾವ್ರು ದೊಡ್ಡ ಮಂದಿ. ಅವ್ರಿಗೂ ಗೊತ್ತಿರಂಗಿಲ್ಲ ಬಿಡು."

"ಅವ್ರಿಗೆ ಗೊತ್ತಿಲ್ಲಂದ್ರ ಗಿಡಕ್ಕ ಸುಳ್ಳ ಹೆಸರ ಇಡತೀರಿ? ನಾಳೆ ಯಾವದಾರ ಹುಡುಗಿ ಕೆಮ್ಮಿಗಂತ ತಪ್ಪಲಾ ಹರಕೊಂಡು ಕುದಿಸಿ ಕುಡದ್ರ? ಸೋಮವಾರ ಬರತೀನಿ. ನಾ ತೋರಸ್ತೀನಿ, ನೀವು ಕಿತ್ತು ಹುಗೀರಿ. ಈಗ ಉಣ್ರಿ, ಪಲ್ಯಾ ಆರತೈತಿ."

ಈಗಲೇ ತೋರಿಸು ಎನ್ನಬಹುದಿತ್ತು. ಹಸಿವಾಗಿತ್ತು. ಉಂಡೆ.

ರವಿವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಅಂಗಳದಲ್ಲಿ ಕುಸಿದಳು. ಗದಗಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಂಡ ಬರುವ ಹೊತ್ತಿಗೆ ನಾನು ಕೆಲಸಕ್ಕೆ ಮರಳಿದ್ದೆ. ಫಲಕಗಳು ತಪ್ಪೆಂದು ಕಾಲೇಜಿನಲ್ಲಿ ನನಗೊಬ್ಬನಿಗೇ ಗೊತ್ತು. ನಾನು ಬಾಯಿ ಬಿಡಲಿಲ್ಲ. ತಂಡದ ಹಿರಿಯರೊಬ್ಬರು ಬಗ್ಗಿ ಒಂದೊಂದೇ ಹೆಸರು ಓದಿ, ಫೋಟೋ ತೆಗೆದುಕೊಂಡು, "ಅಕ್ಷರ ಭಾಳ ಚಂದ ಅದಾವ" ಅಂದರು. ಸ್ಥಳೀಯ ಹೆಣ್ಣುಮಕ್ಕಳ ಅರಿವನ್ನು ನಮ್ಮ ಕಾಲೇಜು ಕಾಪಾಡಿಕೊಂಡು ಬಂದಿದೆ ಎಂಬ ಸಾಲು ನಾವು ತಂಡಕ್ಕೆ ಕೊಟ್ಟ ವರದಿಯಲ್ಲಿತ್ತು. ಟೈಪ್ ಮಾಡಿದವನು ನಾನೇ. ಕಾಗುಣಿತದ ಒಂದು ತಪ್ಪೂ ಇರಲಿಲ್ಲ.

ತಂಡ ಹೋದ ಮೇಲೆ, ಹೆಂಡತಿ ಆಡಿದ್ದ ಕೆಮ್ಮಿನ ಹುಡುಗಿಯ ಮಾತು ಬಿಡದೆ ಕಾಡಿ, ಸಸ್ಯಶಾಸ್ತ್ರದ ಮೇಡಂ ಮುಂದೆ ತಪ್ಪೊಪ್ಪಿಕೊಂಡೆ. ಅವರು ಶಾಸ್ತ್ರದ ಹೆಸರು ಹೇಳಬಲ್ಲವರಾಗಿದ್ದರು. ನನ್ನ ಪಟ್ಟಿಯಲ್ಲಿದ್ದ ಡೋಣಿಯ ಎಷ್ಟೋ ಹೆಸರುಗಳು ಅವರ ಪುಸ್ತಕದಲ್ಲಿರಲಿಲ್ಲ. ಫಲಕಗಳನ್ನೆಲ್ಲ ಕಿತ್ತು, ಹದಿನೆಂಟು ಗಿಡಗಳ ಒಂದೊಂದು ಚಿಗುರನ್ನು ಪೇಪರಿನಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಡೋಣಿಗೆ ಹೋದೆ. ಹೆಂಡತಿಯ ಚಿಗವ್ವ ಕಟ್ಟೆಯ ಮೇಲೆ ಅವನ್ನು ಹರವಿಕೊಂಡು ಮೂಸಿ ನೋಡಿದಳು.

"ಅಳಿಯಾರ, ಇಷ್ಟ ವರ್ಷ ಆಕಿ ಕೈಲೆ ಕಷಾಯ ಕುಡದೀರಿ. ಯಾತರದು ಅಂತ ಒಂದಿನಾ ಕೇಳಲಿಲ್ಲೇನ್ರಿ?"

"ಕಹಿ ಐತಿ ಅಂತ ಹೇಳತಿದ್ದೆ."

"ಅದನ್ನ ಎಮ್ಮೀನೂ ಹೇಳತೈತಿ," ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಹದಿನೈದರ ಹೆಸರು ಹೇಳಿದಳು. ಈ ಸಲ ನಾನು ಪ್ರತಿ ಚಿಗುರಿಗೂ ಚೀಟಿ ಕಟ್ಟಿದೆ. ಉಳಿದ ಮೂರನ್ನು ಅವಳು ಪಕ್ಕಕ್ಕೆ ಸರಿಸಿದಳು.

"ಇವು ಆಕಿ ಅಜ್ಜಿ ಆಕೀಗೆ ಅಷ್ಟ ಕಲಿಸಿದ್ದು. ನಾ ಗುಡ್ಡಕ್ಕ ಹೋದಾಕಿ ಅಲ್ಲ. ಖರೆ ಹೇಳತೀನಿ, ನಂಗೊತ್ತಿಲ್ಲ."

ಹದಿನೈದು ಫಲಕಗಳನ್ನು ಸರಿಯಾದ ಜಾಗದಲ್ಲಿ ಊರಿದ್ದೇನೆ. ಉಳಿದ ಮೂರು ಹೆಸರುಗಳು ನನ್ನಲ್ಲಿವೆ, ಮೂರು ಗಿಡಗಳು ತೋಟದಲ್ಲಿ ಚೆನ್ನಾಗಿ ಬೆಳೆದಿವೆ. ಯಾವುದು ಯಾವುದರ ಹೆಸರೆಂದು ಹೇಳುವವರಿಲ್ಲ.