ಎರಡು ಪಕ್ಷದವರು ಹೊತ್ತ ಕುರ್ಚಿ

ಲಿಯೋಟಾ ಬ್ರಾಂಟ್ ನಮ್ಮ ಪಕ್ಕದ ಮನೆಯವಳು. ಸಣ್ಣವಳಿದ್ದಾಗ ಪೋಲಿಯೋ ಬಂದು ಕಾಲು ಹೋಯಿತು. ಆಮೇಲೆ ಬದುಕೆಲ್ಲ ಗಾಲಿಕುರ್ಚಿಯಲ್ಲೇ. ಊರಿನ ಮದುವೆ ಉಡುಪುಗಳನ್ನು ಅವಳೇ ಹೊಲಿಯುತ್ತಿದ್ದಳು. ಮದುಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅಂಚು ತನ್ನ ಕಣ್ಣೆದುರಿಗೆ ಬಂದಮೇಲೆ ಪಿನ್ನು ಚುಚ್ಚುವಳು. ಅವಳು ಹೊಲಿದ ಅಂಚು ಓರೆಯಾದದ್ದನ್ನು ನಾನು ಕಂಡಿಲ್ಲ.

ಅಮೆರಿಕದ ಅಯೋವಾ ರಾಜ್ಯದ ನಮ್ಮ ಊರಿನಲ್ಲಿ ಮತಗಟ್ಟೆ ಇದ್ದದ್ದು ಸಭಾಭವನದ ನೆಲಮಾಳಿಗೆಯಲ್ಲಿ. ಕಡಿದಾದ ಮೆಟ್ಟಿಲು. ಮತದಾರರಿಗೆ ನೆರವು ಬೇಕಾದರೆ ಎರಡೂ ಪಕ್ಷದಿಂದ ಒಬ್ಬೊಬ್ಬರು ಕೂಡಿಯೇ ಹೋಗಬೇಕು, ಒಬ್ಬರೇ ಹೋಗುವ ಹಾಗಿಲ್ಲ. ಹಾಗಾಗಿ ಅವಳ ಕುರ್ಚಿಯ ಒಂದು ಕಡೆ ಡೆಮಾಕ್ರಟಿಕ್ ಪಕ್ಷದ ನನ್ನ ಗಂಡ ಆರ್ವಿಲ್, ಇನ್ನೊಂದು ಕಡೆ ರಿಪಬ್ಲಿಕನ್ ಪಕ್ಷದ ಕ್ಲೈಡ್ ಹೆಸ್ಸೆ. ಕೆಳಗೆ ಕಾಫಿ ಹಂಚುತ್ತಿದ್ದ ನನಗೆ ಮೊದಲು ಅವಳ ಬೂಟು ಕಾಣುತ್ತಿತ್ತು, ಆಮೇಲೆ ಕಣ್ಣು ಮುಚ್ಚಿಕೊಂಡ ಮುಖ.

"ಎತ್ತಯ್ಯ ಕ್ಲೈಡ್, ಭಾರ ಎಲ್ಲಾ ನನ್ನ ಕಡೆಗೇ ಬಿಟ್ಟಿದೀಯ."

"ಹೊರೋದು ನಾವು, ಹೆಸರು ತಗೊಳ್ಳೋದು ನೀವು. ಯಾವತ್ತೂ ಅಷ್ಟೇ ಅಲ್ವಾ?"

"ನನ್ನ ಕೆಳಗಿಳಿಸಿ ಆಮೇಲೆ ಜಗಳ ಆಡ್ರಪ್ಪಾ," ಅನ್ನುತ್ತಿದ್ದಳು ಲಿಯೋಟಾ.

ನನಗೊಮ್ಮೆ ಹೇಳಿದ್ದಳು: "ನೋಡೇ ಎಡ್ನಾ, ಸಾಯೋದ್ರೊಳಗೆ ಒಂದ್ಸಲ, ಯಾರೂ ಮುಟ್ಟದೆ, ನಾನೇ ಒಳಗೆ ಹೋಗಿ ಓಟು ಹಾಕ್ಬೇಕು. ಮೂಟೆ ಥರ ಇಳಿದು ಇಳಿದು ಸಾಕಾಗಿದೆ."

ಸಾವಿರದ ಒಂಬೈನೂರ ತೊಂಬತ್ತರ ಬೇಸಿಗೆಯಲ್ಲಿ ಅಂಗವಿಕಲರ ಹಕ್ಕಿನ ಕಾನೂನಾಯಿತು. ಎರಡೂ ಪಕ್ಷದವರು ಕೂಡಿ ಮಾಡಿದ್ದು. ಕ್ಲೈಡ್ ನಮ್ಮ ಜಗಲಿಗೆ ಬಂದು ಕೂತ.

"ಸಹಿ ಹಾಕಿದ್ದು ನಮ್ಮ ಅಧ್ಯಕ್ಷ ಕಣೋ."

"ಎರಡೂ ಸದನದಲ್ಲಿ ಬಹುಮತ ನಮ್ಮದು. ನಾವು ಕಳಿಸದೇ ಇದ್ರೆ ಯಾವುದಕ್ಕೆ ಹಾಕ್ತಿದ್ದ ಸಹಿ?"

ಬೇಲಿಯಾಚೆಯಿಂದ ಲಿಯೋಟಾ ಕೇಳಿದಳು: "ಎಲ್ಲಾ ಸರಿ, ನಮ್ಮೂರಲ್ಲಿ ಕುರ್ಚಿ ಹೋಗೋ ಇಳಿಜಾರು ಕಟ್ಟಿಸೋರು ಯಾರು?"

ಅಲ್ಲೇ ಎಡವಟ್ಟಾದದ್ದು. ಅಷ್ಟು ಜಂಬ ಕೊಚ್ಚಿಕೊಳ್ಳುವ ಕ್ಲೈಡ್‌ನ ಕಡೆಯವರು ಊರ ಸಭೆಯಲ್ಲಿ ಕೇಳಿಯೇ ಕೇಳುತ್ತಾರೆಂದು ಆರ್ವಿಲ್ ಸುಮ್ಮನಿದ್ದ. ಆರ್ವಿಲ್‌ನ ಕಡೆಯವರು ಕೇಳದೆ ಬಿಡುತ್ತಾರೆಯೇ ಎಂದು ಕ್ಲೈಡ್ ಸುಮ್ಮನಿದ್ದ. ಯಾರೂ ಕೇಳಲಿಲ್ಲ. ಚುನಾವಣೆ ಬಂದಾಗಲೆಲ್ಲ ಅವಳನ್ನು ಹೊತ್ತೇ ಇಳಿಸಿದರು. ಹೊರುವವರಿಗೂ ವಯಸ್ಸಾಯಿತು. ಒಂದು ಸಲ ಕ್ಲೈಡ್‌ನ ಕಾಲು ಜಾರಿ ಕುರ್ಚಿ ಗೋಡೆಗೆ ಬಡಿಯಿತು. ಅವಳು ಓಟು ಹಾಕಿ ಮೇಲೆ ಬಂದಮೇಲೆ, "ಇನ್ನು ನಾನು ಬರಲ್ಲ," ಅಂದಳು.

ಆರ್ವಿಲ್, ಕ್ಲೈಡ್ ಇಬ್ಬರೂ ಒಟ್ಟಿಗೆ ಊರ ಸಭೆಗೆ ಹೋಗಿ ಕೇಳಿದ್ದು ಆಮೇಲೆ. ಮತಗಟ್ಟೆ ಮೇಲಿನ ಕೋಣೆಗೆ ಬಂತು. ಬಾಗಿಲಿಗೆ ಇಳಿಜಾರೂ ಆಯಿತು.

ಮುಂದಿನ ಚುನಾವಣೆಗೆ ಲಿಯೋಟಾ ಬಂದಳು. ಆ ಹೊತ್ತಿಗೆ ಗಾಲಿ ತಳ್ಳಿ ತಳ್ಳಿ ಅವಳ ಭುಜಗಳು ಸವೆದಿದ್ದವು. ಇಳಿಜಾರಿನ ಅರ್ಧದಲ್ಲಿ ನಿಂತುಬಿಟ್ಟಳು. ಇಬ್ಬರೂ ಓಡಿಬಂದರು.

"ಮುಟ್ಟಬೇಡಿ."

"ಚಳಿ ಇದೆ ಕಣಮ್ಮಾ, ಹಿಂದೆ ಜನ ನಿಂತಿದಾರೆ," ಅಂದ ಕ್ಲೈಡ್.

"ನಾನು ಇಷ್ಟು ವರ್ಷ ಕಾಯ್ಲಿಲ್ವಾ? ನೀವೂ ಒಂದು ಗಳಿಗೆ ಕಾಯ್ರಿ."

ಕಾದರು. ಉಸಿರು ತೆಗೆದುಕೊಂಡು ಅವಳು ಮತ್ತೆ ಗಾಲಿ ತಳ್ಳಿದಳು, ನಿಂತಳು, ತಳ್ಳಿದಳು. ಬಾಗಿಲು ದಾಟಿದಳು.

ಓಟು ಹಾಕಿ ಬಂದವಳಿಗೆ ಕಾಫಿ ಕೊಟ್ಟೆ. ಅವಳು ಲೋಟವನ್ನು ಮೇಜಿನ ಮೇಲೆ, ಸೇಬು ತುಂಬಿ ಬೇಯಿಸಿದ ಪೈ ತಟ್ಟೆಯ ಪಕ್ಕ ಇಟ್ಟು ಭುಜ ತಿಕ್ಕಿಕೊಂಡಳು.

"ಹೇಗಿತ್ತೇ?" ಅಂದೆ.

"ಸುಸ್ತಾಯ್ತು ಕಣೇ," ಅಂದಳು. "ಆ ಸೇಬಿನ ಪೈ ಒಂದು ಚೂರು ಇತ್ತ ಕೊಡು."